ಹಳೆಯ ಜೀಪಿಗೆ ಬೇರೆ ಕ್ರೌನ್-ಪಿನಿಯನ್: ಆಕ್ಸಲ್ ರೇಶಿಯೋ ಆರಿಸುವುದು ಹೇಗೆ, ಕೂರಿಸುವುದು ಹೇಗೆ

ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ಹಳೆಯ ಮಹೀಂದ್ರ ಜೀಪು ಅರವತ್ತು ದಾಟಿತೆಂದರೆ ಅರಚಲು ಶುರುಮಾಡುತ್ತದೆ. ಎಂಜಿನ್ ಸೋತಿದೆ ಎಂದು ಪಂಪು, ನಾಜಲ್ಲಿಗೆ ದುಡ್ಡು ಸುರಿಯುವವರು ಬಹಳ ಜನ. ಎಷ್ಟೋ ಸಲ ಎಂಜಿನ್ ಚೆನ್ನಾಗಿಯೇ ಇರುತ್ತದೆ, ಆಕ್ಸಲ್‌ನೊಳಗಿನ ಕ್ರೌನ್-ಪಿನಿಯನ್ (ಚಿಕ್ಕ ಗೇರು ಪಿನಿಯನ್, ಅದು ತಿರುಗಿಸುವ ದೊಡ್ಡ ಗೇರು ಕ್ರೌನ್) ರೇಶಿಯೋ, ಅಂದರೆ ಕ್ರೌನ್ ಒಂದು ಸುತ್ತಿಗೆ ಪಿನಿಯನ್ ಎಷ್ಟು ಸುತ್ತಬೇಕೆಂಬ ಲೆಕ್ಕ, 5.38 ಅಥವಾ 4.88 ಆಗಿರುತ್ತದೆ ಅಷ್ಟೆ. ಹೊಲ, ಕಾಡುದಾರಿ, ಟ್ರೇಲರ್ ಎಳೆತಕ್ಕೆ ಹೇಳಿಮಾಡಿಸಿದ ರೇಶಿಯೋ ಅದು. ಮಂಡ್ಯದ ಕಬ್ಬಿನ ಗದ್ದೆಯ ಕೆಸರಿನಲ್ಲಿ ಅದಕ್ಕಿಂತ ಒಳ್ಳೆಯದು ಸಿಗುವುದಿಲ್ಲ, ಹೆದ್ದಾರಿಯಲ್ಲಿ ಅದೇ ಹಿಂಸೆ.

ರೇಶಿಯೋ ಬದಲಾಯಿಸುವುದು ಒಂದು ಗೇರು ತೆಗೆದು ಇನ್ನೊಂದು ಹಾಕುವಷ್ಟು ಸಲೀಸಲ್ಲ. ಒಳ್ಳೆಯ ಸೆಟ್ಟನ್ನೇ ತಂದರೂ ಶಿಮ್ (ಅಂತರ ಹೊಂದಿಸುವ ತೆಳು ಲೋಹದ ಬಿಲ್ಲೆ) ಲೆಕ್ಕ ತಪ್ಪಿದರೆ ಕೆಲವೇ ಸಾವಿರ ಕಿಲೋಮೀಟರಿಗೆ ಹಲ್ಲು ತಿಂದುಹೋಗುತ್ತದೆ. ಅದಕ್ಕೇ ಇಲ್ಲಿ ಸಾಮಾನಿಗಿಂತ ಅಳತೆಯ ಬಗ್ಗೆ ಹೆಚ್ಚು ಹೇಳಿದ್ದೇವೆ. ವಿವರಗಳು ಸ್ಪೈಸರ್ ಮಾದರಿಯ ಹೌಸಿಂಗ್‌ಗೆ (ಆಕ್ಸಲ್ಲಿನ ಹೊರಕವಚ) ಸಂಬಂಧಿಸಿದವು: ಹಿಂದೆ ಡಾನಾ 44, ಮುಂದೆ ಅದರ ಚಿಕ್ಕ ತಮ್ಮಂದಿರಾದ 25 ಅಥವಾ 27.

ಈಗ ಇರುವುದು ಎಷ್ಟು?

ಹಳೆಯ ಜೀಪಿನ ಆಕ್ಸಲ್ ಎಷ್ಟು ಕೈ ಬದಲಾಗಿರುತ್ತದೋ ಯಾರಿಗೂ ಗೊತ್ತಿರುವುದಿಲ್ಲ. ಆರ್‌ಸಿ ಪುಸ್ತಕ, ಮಾಡೆಲ್ ಹೆಸರು ನಂಬಬೇಡಿ, ಎಣಿಸಿ ನೋಡಿ. ಸಮತಟ್ಟಾದ ಜಾಗದಲ್ಲಿ ಜೀಪು ನಿಲ್ಲಿಸಿ, ನೆಲದ ಮೇಲೆ ಉಳಿಯುವ ಮೂರೂ ಚಕ್ರಗಳಿಗೆ ಹಿಂದೆ ಮುಂದೆ ಅಡೆಗಲ್ಲು ಕೊಡಿ. ಇಲ್ಲಿ ಒಂದು ಎಚ್ಚರಿಕೆ. ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಚಕ್ರಕ್ಕಲ್ಲ, ಟ್ರಾನ್ಸ್‌ಫರ್ ಕೇಸಿನ (ಎಂಜಿನ್ ಶಕ್ತಿಯನ್ನು ಹಿಂದು–ಮುಂದಿನ ಆಕ್ಸಲ್ಲಿಗೆ ಹಂಚುವ ಗೇರುಪೆಟ್ಟಿಗೆ) ಹಿಂದೆ ಪ್ರೊಪೆಲರ್ ಶಾಫ್ಟಿಗೆ (ಆ ಶಕ್ತಿಯನ್ನು ಆಕ್ಸಲ್ಲಿಗೆ ಒಯ್ಯುವ ದಂಡ) ಹಿಡಿಯುತ್ತದೆ. ಹಿಂದಿನ ಒಂದು ಚಕ್ರ ಎತ್ತಿದ ಕೂಡಲೇ ಆ ಬ್ರೇಕು ಇದ್ದೂ ಇಲ್ಲದಂತೆ: ಎತ್ತಿದ ಚಕ್ರ ಹಿಮ್ಮುಖ ತಿರುಗುತ್ತದೆ, ಜೀಪು ಉರುಳುತ್ತದೆ. ಕಲ್ಲು ಕೊಡದೆ ಜ್ಯಾಕ್ ಹಾಕಲೇಬೇಡಿ.

ಈಗ ಹ್ಯಾಂಡ್‌ಬ್ರೇಕ್ ಬಿಡಿ, ಗೇರು, ಟ್ರಾನ್ಸ್‌ಫರ್ ಎರಡನ್ನೂ ನ್ಯೂಟ್ರಲ್‌ಗೆ ತನ್ನಿ. ಒಂದು ಹಿಂದಿನ ಚಕ್ರ ಎತ್ತಿ, ಪ್ರೊಪೆಲರ್ ಶಾಫ್ಟಿಗೆ ಸೀಮೆಸುಣ್ಣದ ಗುರುತು ಹಾಕಿ. ಎತ್ತಿದ ಚಕ್ರವನ್ನು ಇಪ್ಪತ್ತು ಸುತ್ತು ತಿರುಗಿಸಿ ಶಾಫ್ಟಿನ ಸುತ್ತು ಎಣಿಸಿ. ಇನ್ನೊಂದು ಚಕ್ರ ನೆಲದಲ್ಲಿ ನಿಂತಿರುವುದರಿಂದ ಕ್ರೌನ್ ತಿರುಗುವುದು ಹತ್ತೇ ಸುತ್ತು. ಶಾಫ್ಟು ಸುಮಾರು ಐವತ್ಮೂರು ಮುಕ್ಕಾಲು ಸುತ್ತಿದರೆ 5.38 (43 ಹಲ್ಲಿಗೆ 8), ನಲವತ್ತೆಂಟು ಮುಕ್ಕಾಲು ಸುತ್ತಿದರೆ 4.88 (39ಕ್ಕೆ 8), ನಲವತ್ತೆರಡು ಮುಕ್ಕಾಲು ಸುತ್ತಿದರೆ 4.27 (47ಕ್ಕೆ 11), ಮೂವತ್ತೇಳೂ ಕಾಲು ಸುತ್ತಿದರೆ 3.73 (41ಕ್ಕೆ 11). ಮುಂದಿನ ಆಕ್ಸಲ್ಲಿಗೂ ಇದೇ ರೀತಿ ಮಾಡಿ. ಫ್ರೀವೀಲ್ ಹಬ್ (ಮುಂದಿನ ಚಕ್ರವನ್ನು ಆಕ್ಸಲ್ ಶಾಫ್ಟಿನಿಂದ ಬಿಡಿಸಿ ಇಡಬಲ್ಲ ಹಬ್) ಇದ್ದರೆ ಲಾಕ್ ಮಾಡಿ ಎಣಿಸಿ. ಹಿಂದೆ ಮುಂದೆ ಬೇರೆ ಬೇರೆ ಬಂದರೆ ನಿಮಗೆ ಮುಂಚೆ ಯಾರೋ ಅರ್ಧ ಕೆಲಸ ಮಾಡಿ ಬಿಟ್ಟಿದ್ದಾರೆ ಎಂದರ್ಥ.

ಯಾವ ರೇಶಿಯೋ ಬೇಕು?

235/75ಆರ್15 ಟೈರು ಒಂದು ಸುತ್ತಿಗೆ ಭಾರ ಬಿದ್ದಾಗ ಹೆಚ್ಚುಕಡಿಮೆ 2.24 ಮೀಟರ್ ಓಡುತ್ತದೆ. ನಾಲ್ಕು ಗೇರಿನ ಬಾಕ್ಸಿನಲ್ಲಿ ಟಾಪ್ ಎಂದರೆ ನೇರ 1:1. ಆ ಲೆಕ್ಕದಲ್ಲಿ 80 ಕಿ.ಮೀ. ವೇಗಕ್ಕೆ ಎಂಜಿನ್ ಸುತ್ತು ಹೀಗಿರುತ್ತದೆ: 5.38ರಲ್ಲಿ 3,200, 4.88ರಲ್ಲಿ 2,900, 4.27ರಲ್ಲಿ 2,540, 3.73ರಲ್ಲಿ 2,220. ಮಹೀಂದ್ರದ ಎಂಡಿಐ ಡೀಸೆಲ್ ಪೂರ್ತಿ ಶಕ್ತಿ ಕೊಡುವುದೇ 3,200ರ ಆಸುಪಾಸಿನಲ್ಲಿ. ಅಂದರೆ 5.38 ಇದ್ದರೆ ಎಂಬತ್ತಕ್ಕೇ ಎಂಜಿನ್ ಕೊನೆ ಮುಟ್ಟಿತು.

ಹಾಗೆಂದು ಅಂಕಿ ಇಳಿಸಿದಷ್ಟೂ ಲಾಭವಲ್ಲ. ಮೂರು ಗೇರಿನ ಟಿ-90 ಬಾಕ್ಸಿನಲ್ಲಿ ಫಸ್ಟ್ 2.8, ಸ್ಪೈಸರ್ 18 ಟ್ರಾನ್ಸ್‌ಫರಿನ ಲೋ 2.46. 5.38ರ ಜತೆ ಒಟ್ಟು ಎಳೆತ 37 ಪಟ್ಟು, 4.27ರ ಜತೆ 29 ಪಟ್ಟು ಚಿಲ್ಲರೆ. ಎಂಜಿನ್ 700 ಸುತ್ತಿನಲ್ಲಿ ತೆವಳುವಾಗ ಮೊದಲನೆಯದರಲ್ಲಿ ಜೀಪು ಗಂಟೆಗೆ ಎರಡೂವರೆ ಕಿ.ಮೀ., ಎರಡನೆಯದರಲ್ಲಿ ಮೂರು ಚಿಲ್ಲರೆ. ಮೇಲುಕೋಟೆ ಕಡೆಯ ಬಂಡೆದಾರಿ ಇಳಿಯುವಾಗ ಈ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತದೆ, ಬ್ರೇಕ್ ಹೆಚ್ಚು ಒತ್ತಬೇಕಾಗುತ್ತದೆ. ಚಾಮುಂಡಿ ಬೆಟ್ಟದ ಏರಿನಲ್ಲಿ ಐದಾರು ಜನ ಕೂತು ನಿಂತಲ್ಲಿಂದ ಹೊರಟರೆ ಕ್ಲಚ್ ಪ್ಲೇಟಿನ ವಾಸನೆಯೂ ಬಂದೀತು.

ನಮ್ಮ ಅಭಿಪ್ರಾಯ ಇಷ್ಟು. ಎರಡು–ಎರಡೂವರೆ ಲೀಟರ್ ಡೀಸೆಲ್, ನಾಲ್ಕು ಗೇರು, ಹೆಚ್ಚಿನ ಓಡಾಟ ರಾಷ್ಟ್ರೀಯ ಹೆದ್ದಾರಿ 275ರಲ್ಲೋ ನಂಜನಗೂಡು–ಗುಂಡ್ಲುಪೇಟೆ ದಾರಿಯಲ್ಲೋ ಆದರೆ 4.27 ಸರಿ. ಗದ್ದೆ, ತೋಟದ ಕೆಲಸವೇ ಮುಖ್ಯವಾಗಿದ್ದರೆ 5.38ರಿಂದ 4.88ಕ್ಕೆ ಬಂದರೆ ಸಾಕು. ಟರ್ಬೊ ಇಲ್ಲದ ಹಳೆಯ ಎಂಜಿನ್ನಿಗೆ 3.73 ಹಾಕಬೇಡಿ, ಚಿಕ್ಕ ಏರಿಗೂ ಮೂರನೇ ಗೇರಿಗೆ ಇಳಿಯಬೇಕಾಗುತ್ತದೆ, ಟಾಪ್ ಗೇರು ಹೆಸರಿಗಷ್ಟೇ ಉಳಿಯುತ್ತದೆ. ಐದನೇ ಗೇರು 0.8ರ ಸುಮಾರಿನ ಓವರ್‌ಡ್ರೈವ್ ಆಗಿರುವ ಬಾಕ್ಸು ಇದ್ದರೆ ಆಕ್ಸಲ್ ಮುಟ್ಟುವ ಅಗತ್ಯವೇ ಇಲ್ಲ: 4.88 ಅಲ್ಲಿ 3.9ರಂತೆ ನಡೆದುಕೊಳ್ಳುತ್ತದೆ. ಟೈರನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. 235/75ರಿಂದ 31 ಇಂಚಿಗೆ ಹೋದರೆ ಅದೊಂದರಿಂದಲೇ ರೇಶಿಯೋ ಶೇ. 7ರಷ್ಟು ಇಳಿದ ಹಾಗೆ, 4.88 ಇದ್ದದ್ದು 4.5 ಆಗುತ್ತದೆ. ದೊಡ್ಡ ಟೈರು ಹಾಕುವ ಯೋಚನೆ ಇದ್ದರೆ ಮೊದಲು ಟೈರು ಹಾಕಿ ಓಡಿಸಿ ನೋಡಿ, ಆಮೇಲೆ ಕ್ರೌನ್ ವಿಚಾರ.

ಹಿಂದಿನದು ಮಾತ್ರ ಬದಲಾಯಿಸಬೇಡಿ

ಖರ್ಚು ಉಳಿಸಲು ಹಿಂದಿನ ಆಕ್ಸಲ್ ಒಂದನ್ನೇ ಬದಲಾಯಿಸಿ, "ಫೋರ್‌ವೀಲ್ ಹಾಕದಿದ್ದರಾಯ್ತು ಬಿಡಿ" ಎನ್ನುವವರಿದ್ದಾರೆ. ಫೋರ್‌ವೀಲ್ ಹಾಕಿದ ಮೇಲೆ ಈ ಟ್ರಾನ್ಸ್‌ಫರ್ ಕೇಸಿನಲ್ಲಿ ಎರಡೂ ಶಾಫ್ಟು ಒಂದೇ ವೇಗದಲ್ಲಿ ತಿರುಗಲೇಬೇಕು, ನಡುವೆ ಡಿಫರೆನ್ಷಿಯಲ್ (ಎರಡು ಕಡೆಗೂ ಬೇರೆ ಬೇರೆ ವೇಗ ಬಿಟ್ಟುಕೊಡುವ ಗೇರು) ಇಲ್ಲ. ಒಂದು ಕಡೆ 4.27, ಇನ್ನೊಂದು ಕಡೆ 4.10 ಇದ್ದರೆ ವ್ಯತ್ಯಾಸ ಶೇ. 4, ಒಂದು ಕಿಲೋಮೀಟರ್ ಓಡಿದರೆ ಯಾವುದೋ ಟೈರು 40 ಮೀಟರಿನಷ್ಟು ಉಜ್ಜಿಕೊಂಡೇ ಬರಬೇಕು. ಕೆಸರಿನಲ್ಲಿ ಜಾರಿ ತಪ್ಪಿಸಿಕೊಳ್ಳುತ್ತದೆ. ಗಟ್ಟಿ ನೆಲದಲ್ಲಿ ಆ ಬಿಗಿ ಟ್ರಾನ್ಸ್‌ಫರ್ ಗೇರು, ಯುಜೆ ಕ್ರಾಸ್ (ಪ್ರೊಪೆಲರ್ ಶಾಫ್ಟಿನ ಕೀಲು), ಆಕ್ಸಲ್ ಶಾಫ್ಟುಗಳ ಮೇಲೆ ಕೂರುತ್ತದೆ, ಲಿವರ್ ಹೊರಗೇ ಬರುವುದಿಲ್ಲ. 5.38–4.27 ಜೋಡಿಯಲ್ಲಿ ಶೇ. 25ಕ್ಕೂ ಮಿಕ್ಕಿ ವ್ಯತ್ಯಾಸ. ಆಗ ಏನಾದರೊಂದು ಮುರಿದೇ ಮುರಿಯುತ್ತದೆ. ಶೇ. 1ರೊಳಗಿನ ವ್ಯತ್ಯಾಸ ನಡೆಯುತ್ತದೆ: 39ಕ್ಕೆ 8ರ 4.88 ಒಂದು ಕಡೆ, 44ಕ್ಕೆ 9ರ 4.89 ಇನ್ನೊಂದು ಕಡೆ ಇದ್ದರೆ ತೊಂದರೆಯಿಲ್ಲ.

ಸಾಮಾನು ತರುವಾಗ

ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಲ್ಲಿ ಜೋಡಿಯಾಗಿ ಒಂದಕ್ಕೊಂದು ಉಜ್ಜಿ ಹೊಂದಿಸಿದವು. ಎರಡರ ಮೇಲೂ ಒಂದೇ ಜೋಡಿ ನಂಬರ್ ಕೊರೆದಿರುತ್ತದೆ. ನಂಬರ್ ಹೊಂದದ ಸೆಟ್ ಪುಕ್ಕಟೆ ಕೊಟ್ಟರೂ ಬೇಡ. ಗುಜರಿಯಿಂದ ತರುವುದಾದರೆ ಡೀಸೆಲ್‌ನಲ್ಲಿ ತೊಳೆದು ಬಿಸಿಲಿಗೆ ಹಿಡಿದು ನೋಡಿ: ಹಲ್ಲಿನ ಮೈಮೇಲೆ ಸಣ್ಣ ಗುಳಿ, ಪದರ ಎದ್ದದ್ದು, ನೀಲಿ ಬಣ್ಣ ತಿರುಗಿದ್ದು ಕಂಡರೆ ಬಿಟ್ಟುಬಿಡಿ. ಬರೀ ಹೊಳಪು ಇದ್ದರೆ ಅಡ್ಡಿಯಿಲ್ಲ.

ಡಾನಾ 44ರಲ್ಲಿ ಕೇಜ್ (ಕ್ರೌನನ್ನು ಹೊತ್ತು ತಿರುಗುವ ಗೂಡು) ಎರಡು ಬಗೆ. 3.73 ಮತ್ತು ಅದಕ್ಕಿಂತ ಕಡಿಮೆಗೆ ಒಂದು, 3.92 ಮತ್ತು ಅದಕ್ಕಿಂತ ಹೆಚ್ಚಿಗೆ ಇನ್ನೊಂದು. ಅಂಕಿ ಇಳಿದಂತೆ ಪಿನಿಯನ್ ತಲೆ ದಪ್ಪವಾಗುತ್ತದೆ, ಅದಕ್ಕೆ ಜಾಗ ಬಿಡಲು ಕ್ರೌನ್ ಕೂರುವ ಅಂಚು ಸರಿಯಬೇಕು. 5.38ರಿಂದ 4.88ಕ್ಕೋ 4.27ಕ್ಕೋ ಬಂದರೆ ಹಳೆಯ ಕೇಜೇ ಸಾಕು, 3.73ಕ್ಕೆ ಹೋದರೆ ಕೇಜೂ ಬೇಕು. 4.27 ಆರಿಸಲು ಇದೂ ಒಂದು ಕಾರಣ. ಮುಂದಿನ ಆಕ್ಸಲ್ಲಿಗೆ ಹಳೆಯ ಕ್ರೌನಿನ ದಪ್ಪವನ್ನೂ ಹೊಸದರ ದಪ್ಪವನ್ನೂ ಅಳೆದು ಹೋಲಿಸಿಯೇ ಕೊಳ್ಳಿ.

ಒಂದೊಂದು ಆಕ್ಸಲ್ಲಿಗೆ ಬೇಕಾಗುವುದು: ಪಿನಿಯನ್ ಬೇರಿಂಗ್ ಎರಡು, ಕೇಜ್ ಬೇರಿಂಗ್ ಎರಡು (ಕಪ್, ಅಂದರೆ ಹೊರಬಳೆ ಸಮೇತ), ಪಿನಿಯನ್ ಆಯಿಲ್ ಸೀಲ್, ಹೊಸ ಪಿನಿಯನ್ ನಟ್, ಹೊಸ ಕ್ರೌನ್ ಬೋಲ್ಟ್, ಬೇರೆ ಬೇರೆ ದಪ್ಪದ ಶಿಮ್ ಕಟ್ಟು, ಆಕ್ಸಲ್ ಸೀಲ್, ಕವರ್ ಪ್ಯಾಕಿಂಗ್. ಉಪಕರಣದಲ್ಲಿ ಡಯಲ್ ಗೇಜ್, ಮೈಕ್ರೋಮೀಟರ್, ಟಾರ್ಕ್ ರೆಂಚ್, ಬೇರಿಂಗ್ ಪುಲ್ಲರ್, ಹಬ್ ಪುಲ್ಲರ್. ಡಯಲ್ ಗೇಜ್ ಇಲ್ಲದೆ "ಕೈಯಲ್ಲೇ ಗೊತ್ತಾಗುತ್ತೆ" ಎನ್ನುವ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ.

ಇನ್ನೊಂದು ದಾರಿಯೂ ಇದೆ. ಬೇಕಾದ ರೇಶಿಯೋ ಇರುವ ಒಂದೇ ಗಾಡಿಯ ಎರಡೂ ಆಕ್ಸಲ್ ಇಡಿಯಾಗಿ ಸಿಕ್ಕರೆ, ಸದ್ದು, ಆಟ ನೋಡಿ ಅದನ್ನೇ ಹಾಕುವುದು ಸುಲಭ. ಸ್ಪ್ರಿಂಗ್ ಸೀಟಿನ ಅಂತರ, ಒಟ್ಟು ಅಗಲ, ಪಿನಿಯನ್ ಯಾವ ಬದಿಗಿದೆ, ಫ್ಲ್ಯಾಂಜಿನ ತೂತು ಹೊಂದುತ್ತವೆಯೇ ಎಂಬುದನ್ನು ಟೇಪು ಹಿಡಿದು ಅಳೆದು ತನ್ನಿ.

ಬಿಚ್ಚುವುದು

ಎರಡೂ ಕಡೆ ಜ್ಯಾಕ್ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಎಣ್ಣೆ ಇಳಿಸಿ. ಹಿಂದಿನ ಆಕ್ಸಲ್ ಶಾಫ್ಟಿನ ತುದಿ ಮೊನಚಾಗಿದ್ದು ಹಬ್ ಅದರ ಮೇಲೆ ಕಚ್ಚಿ ಕೂತ ಮಾದರಿಯಾದರೆ ಸರಿಯಾದ ಪುಲ್ಲರ್ ಬೇಕೇ ಬೇಕು. ಶಾಫ್ಟಿನ ತುದಿಗೆ ಸುತ್ತಿಗೆಯಿಂದ ಹೊಡೆದರೆ ಏಟು ಒಳಗಿನ ಬೇರಿಂಗಿಗೆ ಹೋಗುತ್ತದೆ. ಬ್ರೇಕ್ ಪ್ಲೇಟಿನ ಹಿಂದೆ ಸಿಗುವ ಶಿಮ್‌ಗಳನ್ನು ಎಡ–ಬಲ ಬರೆದು ತಂತಿಗೆ ಪೋಣಿಸಿ ಇಡಿ.

ಕವರ್ ತೆಗೆದ ಮೇಲೆ ಏನನ್ನೂ ಬಿಚ್ಚುವ ಮುಂಚೆ ಹಳೆಯ ಬ್ಯಾಕ್‌ಲಾಷ್ (ಕ್ರೌನ್, ಪಿನಿಯನ್ ಹಲ್ಲುಗಳ ನಡುವಿನ ಆಟ) ಅಳೆದು ಬರೆದುಕೊಳ್ಳಿ. ಬೇರಿಂಗ್ ಕ್ಯಾಪುಗಳ ಮೇಲೂ ಹೌಸಿಂಗ್ ಮೇಲೂ ಅಕ್ಷರ ಒತ್ತಿರುತ್ತದೆ, ಒಂದು ಅಡ್ಡಕ್ಕೆ, ಒಂದು ಉದ್ದಕ್ಕೆ. ಅವು ಅದೇ ಜಾಗಕ್ಕೆ ಅದೇ ದಿಕ್ಕಿಗೆ ಮರಳಬೇಕು, ಏಕೆಂದರೆ ಕ್ಯಾಪ್ ಹಾಕಿಯೇ ಆ ರಂಧ್ರ ಕೊರೆದಿರುತ್ತಾರೆ. ಕೇಜ್ ಹೊರಗೆ ಬಂದ ಮೇಲೆ ಪ್ರತಿ ಬೇರಿಂಗಿನ ಹಿಂದಿನ ಶಿಮ್ ಬೇರೆ ಬೇರೆ ಅಳೆಯಿರಿ. ಹೌಸಿಂಗನ್ನು ಡೀಸೆಲ್ ಹಾಕಿ ತೊಳೆದು, ಎರಡೂ ಬದಿಯ ಟ್ಯೂಬಿನೊಳಕ್ಕೂ ಬಟ್ಟೆ ಎಳೆದು ಒರೆಸಿ. ಅಲ್ಲಿ ಉಳಿದ ಹಳೆಯ ಲೋಹದ ಪುಡಿ ಹೊಸ ಬೇರಿಂಗನ್ನು ತಿನ್ನುತ್ತದೆ.

ಪಿನಿಯನ್ ಆಳ

ಈ ಹೌಸಿಂಗಿನಲ್ಲಿ ಪಿನಿಯನ್ನಿಗೆ ಎರಡು ಕಡೆ ಶಿಮ್. ಒಳ ಬೇರಿಂಗ್ ಕಪ್ಪಿನ ಕೆಳಗಿನದು ಆಳ ನಿರ್ಧರಿಸುತ್ತದೆ, ಹೊರ ಬೇರಿಂಗಿನ ಬಳಿಯದು ಬಿಗಿ ನಿರ್ಧರಿಸುತ್ತದೆ. ಜಜ್ಜಿಹೋಗುವ ಸ್ಲೀವ್ ಇಲ್ಲಿಲ್ಲ, ಅದೊಂದು ದೊಡ್ಡ ಅನುಕೂಲ: ನಟ್ಟನ್ನು ಪ್ರತಿ ಸಲ ಪೂರ್ತಿ ಬಿಗಿದರೂ ಲೆಕ್ಕ ಕೆಡುವುದಿಲ್ಲ.

ಪಿನಿಯನ್ ತಲೆಯ ಮೇಲೆ +2, −3 ಎಂಬಂಥ ಗುರುತು ಕೊರೆದಿರುತ್ತದೆ. ಅದು ಥೌ ಲೆಕ್ಕ (ಒಂದು ಥೌ ಎಂದರೆ 0.025 ಮಿ.ಮೀ.). ಪ್ಲಸ್ ಇದ್ದರೆ ಶಿಮ್ ಕಡಿಮೆ ಬೇಕು, ಮೈನಸ್ ಇದ್ದರೆ ಹೆಚ್ಚು ಬೇಕು. ಹಳೆಯ ಪಿನಿಯನ್ +2, ಹೊಸದು −1 ಆದರೆ ಹಳೆಯ ಶಿಮ್ ದಪ್ಪಕ್ಕೆ 3 ಥೌ ಸೇರಿಸಿ ಶುರುಮಾಡಿ. ಇದು ಬರೀ ಶುರುವಿನ ಅಂದಾಜು. ಕೊನೆಯ ತೀರ್ಪು ಹಲ್ಲಿನ ಗುರುತಿನದು.

ಸೀಲ್ ಹಾಕದೆ, ಹಳೆಯ ನಟ್ಟನ್ನೇ ಬಳಸಿ ಕೂರಿಸಿ 270–300 ನ್ಯೂಟನ್ ಮೀಟರಿಗೆ ಬಿಗಿಯಿರಿ. ಈಗ ಪಿನಿಯನ್ ತಿರುಗಿಸಲು ಬೇಕಾದ ಬಲ ಹೊಸ ಬೇರಿಂಗಿಗೆ 2.3ರಿಂದ 4.5 ನ್ಯೂಟನ್ ಮೀಟರ್ ಇರಬೇಕು. ಅಷ್ಟು ಸಣ್ಣ ಟಾರ್ಕ್ ರೆಂಚ್ ಇಲ್ಲದಿದ್ದರೆ 4 ಸೆಂ.ಮೀ. ತ್ರಿಜ್ಯದ ಫ್ಲ್ಯಾಂಜಿಗೆ ದಾರ ಸುತ್ತಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆಯಿರಿ: ತಿರುಗುತ್ತಿರುವಾಗ 6ರಿಂದ 11 ಕೆಜಿ ತೋರಿಸಬೇಕು. ಹೊರಡುವಾಗಿನ ಮೊದಲ ಜಗ್ಗು ಲೆಕ್ಕಕ್ಕಿಲ್ಲ. ಬಿಗಿ ಹೆಚ್ಚಿದರೆ ಹೊರಗಿನ ಶಿಮ್ ಸೇರಿಸಿ, ಸಡಿಲವಾದರೆ ತೆಗೆಯಿರಿ.

ಕೇಜ್ ಮತ್ತು ಬ್ಯಾಕ್‌ಲಾಷ್

ಕ್ರೌನನ್ನು ಬಿಸಿ ಎಣ್ಣೆಯಲ್ಲಿಟ್ಟು ಕೇಜಿನ ಮೇಲೆ ಇಳಿಬಿಡಿ, ತಾನಾಗಿ ಕೂರುತ್ತದೆ. ಗ್ಯಾಸ್ ಕಟರಿನ ಉರಿ ತೋರಿಸಿದರೆ ಹಲ್ಲಿನ ಹದ ಕೆಡುತ್ತದೆ. ಬೋಲ್ಟಿನಿಂದ ಎಳೆದು ಕೂರಿಸಿದರೆ ಓರೆಯಾಗುತ್ತದೆ. ಬೋಲ್ಟಿಗೆ ಥ್ರೆಡ್‌ಲಾಕ್ ಹಾಕಿ ಎದುರುಬದುರಾಗಿ 60–80 ನ್ಯೂಟನ್ ಮೀಟರಿಗೆ ಬಿಗಿಯಿರಿ.

ಕೇಜ್ ಶಿಮ್ ಬೇರಿಂಗಿನ ಹಿಂದೆ ಕೂರುವುದರಿಂದ ಪ್ರತಿ ಬದಲಾವಣೆಗೂ ಬೇರಿಂಗ್ ಕೀಳಬೇಕು, ನಾಲ್ಕು ಸಲ ಕಿತ್ತರೆ ಹೊಸ ಬೇರಿಂಗ್ ಹಾಳು. ಉಪಾಯ ಇದೆ. ಅದೇ ನಂಬರಿನ ಹಳೆಯ ಬೇರಿಂಗ್ ಜೊತೆಯ ಒಳರಂಧ್ರವನ್ನು ಕೈಯಲ್ಲಿ ಜಾರುವಷ್ಟು ತೀಡಿಸಿ ಇಟ್ಟುಕೊಳ್ಳಿ. ಹೆಬ್ಬಾಳ, ಮೇಟಗಳ್ಳಿ ಕೈಗಾರಿಕಾ ಪ್ರದೇಶದ ಕಡೆ ಬೇರಿಂಗ್ ಒಳಮೈ ತೀಡಿಕೊಡುವವರನ್ನು ವಿಚಾರಿಸಿ. ಬೇರಿಂಗ್ ಉಕ್ಕು ಗಟ್ಟಿಯಾದ್ದರಿಂದ ಇದಕ್ಕೆ ಗ್ರೈಂಡಿಂಗ್ ಕಲ್ಲು ಬೇಕು, ಸಾಧಾರಣ ಲೇತ್ ಟೂಲ್ ಕಚ್ಚುವುದಿಲ್ಲ. ಅಳತೆ ಮುಗಿಯುವವರೆಗೂ ಇವೇ, ಹೊಸವು ಕೊನೆಗೆ. ಸವೆದ ಬೇರಿಂಗ್ ಒಂದೆರಡು ಥೌ ವ್ಯತ್ಯಾಸ ಕೊಡುವುದುಂಟು, ಆದ್ದರಿಂದ ಹೊಸದು ಹಾಕಿದ ಮೇಲೆ ಇನ್ನೊಮ್ಮೆ ಅಳೆಯಲೇಬೇಕು.

ಡಯಲ್ ಗೇಜಿನ ಮೊನೆಯನ್ನು ಕ್ರೌನ್ ಹಲ್ಲಿನ ಹೊರತುದಿಗೆ ನೆಟ್ಟಗೆ ತಾಗಿಸಿ, ಪಿನಿಯನ್ ಅಲುಗದಂತೆ ಹಿಡಿದು ಕ್ರೌನ್ ಅಲ್ಲಾಡಿಸಿ. ಬ್ಯಾಕ್‌ಲಾಷ್ 0.15ರಿಂದ 0.20 ಮಿ.ಮೀ. ಬಂದರೆ ಒಳ್ಳೆಯದು, 0.13ಕ್ಕಿಂತ ಕಡಿಮೆ, 0.25ಕ್ಕಿಂತ ಹೆಚ್ಚು ಬೇಡ. ಕ್ರೌನಿನ ನಾಲ್ಕು ಕಡೆ ಅಳೆಯಿರಿ. ಒಂದು ಬದಿಯಿಂದ 3 ಥೌ ಶಿಮ್ ತೆಗೆದು ಇನ್ನೊಂದು ಬದಿಗೆ ಹಾಕಿದರೆ ಬ್ಯಾಕ್‌ಲಾಷ್ ಸುಮಾರು 2 ಥೌ ಬದಲಾಗುತ್ತದೆ. ಆಟ ಸರಿಯಾದ ಮೇಲೆ ಬೇರಿಂಗ್ ಬಿಗಿಗಾಗಿ ಒಟ್ಟು 15 ಥೌ ಶಿಮ್ ಹೆಚ್ಚುವರಿ ಸೇರಿಸಬೇಕು. ಆಗ ಕೇಜ್ ಸುಲಭಕ್ಕೆ ಒಳಗಿಳಿಯುವುದಿಲ್ಲ. ಹೌಸಿಂಗ್ ಅಗಲಿಸುವ ಸ್ಪ್ರೆಡರ್ ಇದ್ದರೆ ಅರ್ಧ ಮಿ.ಮೀ. ಮೀರದಂತೆ ಅಗಲಿಸಿ, ಇಲ್ಲದಿದ್ದರೆ ನೈಲಾನ್ ಸುತ್ತಿಗೆಯಿಂದ ಎರಡೂ ಕಪ್ಪಿಗೆ ಸಮನಾಗಿ ತಟ್ಟುತ್ತಾ ಇಳಿಸಿ. ಕ್ಯಾಪ್ ಬೋಲ್ಟು ಸುಮಾರು 108 ನ್ಯೂಟನ್ ಮೀಟರ್.

ಹಲ್ಲಿನ ಗುರುತು ಓದುವುದು

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಪ್ರಷ್ಯನ್ ಬ್ಲೂ ಅಥವಾ ಹಳದಿ ಮಾರ್ಕಿಂಗ್ ಪೇಸ್ಟಿಗೆ ಒಂದು ತೊಟ್ಟು ಎಣ್ಣೆ ಬೆರೆಸಿ, ಕ್ರೌನಿನ ನಾಲ್ಕೈದು ಹಲ್ಲಿನ ಎರಡೂ ಮೈಗೆ ತೆಳ್ಳಗೆ ಬಳಿಯಿರಿ. ಒಬ್ಬರು ಕ್ರೌನಿಗೆ ಮರದ ತುಂಡು ಒತ್ತಿ ಹಿಡಿದು ತಡೆ ಕೊಡಲಿ, ಇನ್ನೊಬ್ಬರು ಪಿನಿಯನ್ ನಟ್ಟಿಗೆ ಸ್ಪ್ಯಾನರ್ ಹಾಕಿ ಎರಡೂ ದಿಕ್ಕಿಗೆ ತಿರುಗಿಸಲಿ. ತಡೆ ಕೊಡದೆ ತಿರುಗಿಸಿದರೆ ಗುರುತು ಅಸ್ಪಷ್ಟವಾಗಿ ಮೂಡುತ್ತದೆ, ಅದನ್ನು ನೋಡಿ ಶಿಮ್ ಬದಲಾಯಿಸುವುದು ಕುರುಡು ಕೆಲಸ.

ಬಣ್ಣ ಅಳಿಸಿಹೋದ ಜಾಗ ಹಲ್ಲಿನ ತುದಿಗೂ ಬುಡಕ್ಕೂ ನಡುವೆ, ಮೊಟ್ಟೆಯಾಕಾರದಲ್ಲಿ, ಅಂಚುಗಳು ನಿಧಾನಕ್ಕೆ ಕರಗಿದಂತೆ ಇರಬೇಕು. ಎರಡೂ ಮೈಯಲ್ಲಿ ಗುರುತು ಬುಡಕ್ಕೆ ಇಳಿದಿದ್ದರೆ ಪಿನಿಯನ್ ಕ್ರೌನಿಗೆ ತೀರ ಹತ್ತಿರವಿದೆ, ಆಳದ ಶಿಮ್ ಕಡಿಮೆ ಮಾಡಿ. ಎರಡೂ ಮೈಯಲ್ಲಿ ತುದಿಗೆ ಏರಿದ್ದರೆ ಪಿನಿಯನ್ ದೂರವಿದೆ, ಶಿಮ್ ಸೇರಿಸಿ. ಮೊದಲ ತಿದ್ದುಪಡಿಗೆ 5 ಥೌ ಬದಲಾಯಿಸಿ, ಆಮೇಲೆ 2 ಥೌ. ಪಿನಿಯನ್ ಹತ್ತಿರ ಬಂದರೆ ಬ್ಯಾಕ್‌ಲಾಷ್ ತಾನೇ ಕಡಿಮೆಯಾಗುತ್ತದೆ, ದೂರ ಹೋದರೆ ಹೆಚ್ಚುತ್ತದೆ. ಪ್ರತಿ ಸಲ ಅದನ್ನು ಮತ್ತೆ ಸರಿಮಾಡಿಯೇ ಬಣ್ಣ ಬಳಿಯಬೇಕು. ಗುರುತು ಹಲ್ಲಿನ ಒಳ ಅಥವಾ ಹೊರ ಅಂಚಿನ ಕಡೆಗೆ ಸ್ವಲ್ಪ ವಾಲಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅಂಚಿನಿಂದಾಚೆ ಜಾರಿಹೋಗಿರಬಾರದು ಅಷ್ಟೆ. ತುದಿ–ಬುಡದ ನಡುವೆ ಕೂತಿರುವುದು ಅದಕ್ಕಿಂತ ಮುಖ್ಯ. ಓಡಿದ ಸೆಟ್ಟಾದರೆ ಹಳೆಯ ಸವೆತದಿಂದ ಒಂದು ಮೈ ಚೆನ್ನಾಗಿ ಬಂದು ಇನ್ನೊಂದು ಸ್ವಲ್ಪ ಆಚೀಚೆ ಬರಬಹುದು. ಆಗ ಮುಂದಕ್ಕೆ ಓಡುವಾಗ ಭಾರ ಬೀಳುವ ಮೈಯನ್ನು ನಂಬಿ. ಹಿಂದಿನ ಆಕ್ಸಲ್‌ನಲ್ಲಿ ಅದು ಹಲ್ಲಿನ ಉಬ್ಬು ಮೈ, ಮುಂದಿನದರಲ್ಲಿ ತಗ್ಗು ಮೈ.

ಗುರುತು ತೃಪ್ತಿಯಾದ ಮೇಲೆ ಹೊಸ ಬೇರಿಂಗ್, ಸೀಲ್, ಹೊಸ ನಟ್ ಹಾಕಿ ಎಲ್ಲವನ್ನೂ ಕೊನೆಯ ಸಲ ಅಳೆಯಿರಿ.

ಮುಚ್ಚಿದ ಮೇಲೆ

ಮುಂದಿನ ಆಕ್ಸಲ್ಲಿಗೂ ಕ್ರಮ ಇದೇ, ಅಳತೆಗಳು ಚಿಕ್ಕ ಹೌಸಿಂಗಿನವು. ಹಬ್, ಸ್ಪಿಂಡಲ್ ಬಿಚ್ಚಿ ಶಾಫ್ಟು ಎಳೆಯುವಾಗ ಒಳಗಿನ ಸೀಲಿಗೆ ಸ್ಪ್ಲೈನ್ ತಾಗಿ ಹರಿಯದಂತೆ ಎತ್ತಿ ಹಿಡಿಯಿರಿ. ಹಿಂದಿನ ಮೊನಚು ಹಬ್ಬಿನ ನಟ್ 200 ನ್ಯೂಟನ್ ಮೀಟರಿಗೆ ಕಡಿಮೆಯಾಗಬಾರದು. ಕಡಿಮೆ ಬಿಗಿದರೆ ಕೀಲಿ ಕತ್ತರಿಸಿಹೋಗುತ್ತದೆ.

ಜಿಎಲ್-5 ದರ್ಜೆಯ 80ಡಬ್ಲ್ಯೂ-90 ಎಣ್ಣೆ ಲೆವೆಲ್ ತೂತಿನಿಂದ ಹೊರಬರುವವರೆಗೆ ಹಾಕಿ. ಬ್ರೀದರ್ (ಹೌಸಿಂಗಿನ ಗಾಳಿಕಿಂಡಿ) ಬಿಚ್ಚಿ ಊದಿ ನೋಡಿ. ಅದು ಕಟ್ಟಿದ್ದರೆ ಒಳಗಿನ ಬಿಸಿಗಾಳಿ ಹೊಸ ಸೀಲಿನಿಂದ ಎಣ್ಣೆ ತಳ್ಳುತ್ತದೆ. ಬಿಸಿ ಹೌಸಿಂಗ್ ನಾಲೆ ನೀರಿಗೆ ಇಳಿದಾಗ ಅದೇ ಸೀಲಿನಿಂದ ನೀರು ಒಳಕ್ಕೆ ಎಳೆದುಕೊಳ್ಳುತ್ತದೆ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಓಡುವ ಗಾಡಿಗೆ ಬ್ರೀದರನ್ನು ರಬ್ಬರ್ ಪೈಪಿನಿಂದ ಚಾಸಿಸ್ ಮೇಲಕ್ಕೆ ಒಯ್ದು ಕಟ್ಟುವುದು ಒಳ್ಳೆಯದು.

ಎರಡೂ ಆಕ್ಸಲ್ ಹೊಂದಿವೆಯೇ ಎಂದು ಫೋರ್‌ವೀಲ್ ಹಾಕುವ ಮುಂಚೆ ನೋಡಿ: ಹಬ್ ಲಾಕ್ ಮಾಡಿ, ಟೂವೀಲ್‌ನಲ್ಲಿ, ನ್ಯೂಟ್ರಲ್ ಗೇರಿನಲ್ಲಿ ಜೀಪನ್ನು ನೇರಕ್ಕೆ ಚಕ್ರ ಹತ್ತು ಸುತ್ತು ಬರುವಷ್ಟು ತಳ್ಳಿಸಿ. ಎರಡೂ ಪ್ರೊಪೆಲರ್ ಶಾಫ್ಟು ಒಂದೇ ಲೆಕ್ಕ ತಿರುಗಬೇಕು.

ಸ್ಪೀಡೋಮೀಟರಿಗೆ ಚಾಲನೆ ಟ್ರಾನ್ಸ್‌ಫರಿನಿಂದ ಬರುವುದರಿಂದ ಅದೀಗ ಕಡಿಮೆ ತೋರಿಸುತ್ತದೆ. 5.38ರಿಂದ 4.27ಕ್ಕೆ ಬಂದಿದ್ದರೆ ಮೀಟರಿನಲ್ಲಿ 60 ಇದ್ದಾಗ ನಿಜವಾದ ವೇಗ 75. ಸ್ಪೀಡೋಮೀಟರ್ ನಡೆಸುವ ಗೇರು ಬದಲಾಯಿಸಿ ಇಲ್ಲವೇ ಮೀಟರಿನ ಗಾಜಿಗೆ ಗುರುತು ಅಂಟಿಸಿ. ಡ್ರಮ್ ಬ್ರೇಕಿನ ಹಳೆಯ ಜೀಪಿಗೆ ಹೀಗೆ ಸಿಕ್ಕ ವೇಗ ನಿಲ್ಲಿಸಲೂ ಆಗಬೇಕು. ಲೈನರ್, ವೀಲ್ ಸಿಲಿಂಡರ್ ಇದೇ ಸಮಯದಲ್ಲಿ ನೋಡಿಸಿ.

ಮೊದಲ ಓಟ 20 ಕಿ.ಮೀ., 60ರೊಳಗೆ. ಅರ್ಧ ಗಂಟೆ ಪೂರ್ತಿ ಆರಲು ಬಿಟ್ಟು ಮತ್ತೆ ಓಡಿಸಿ. ಹೀಗೆ ಮೂರು–ನಾಲ್ಕು ಸಲ. ಹೌಸಿಂಗ್ ಬೆಚ್ಚಗಾಗುವುದು ಸಹಜ, ಕೈ ಇಟ್ಟ ಕೂಡಲೇ ತೆಗೆಯುವಷ್ಟು ಕಾದರೆ ಬೇರಿಂಗ್ ಬಿಗಿ ಹೆಚ್ಚಾಗಿದೆ. ಆಕ್ಸಿಲೇಟರ್ ಒತ್ತಿದಾಗ ಮಾತ್ರ ಅಥವಾ ಬಿಟ್ಟಾಗ ಮಾತ್ರ ಸಿಳ್ಳೆಯಂತೆ ಕೂಗಿದರೆ ಪಿನಿಯನ್ ಆಳ ತಪ್ಪಿದೆ. ವೇಗದೊಂದಿಗೆ ಏರುವ ಗುಡುಗುಡು ಸದ್ದು ಬೇರಿಂಗಿನದು. ಗೇರು ಹಾಕಿದಾಗ ಟಕ್ ಎಂದರೆ ಮೊದಲು ಯುಜೆ ಕ್ರಾಸ್ ನೋಡಿ, ಆಮೇಲೆ ಬ್ಯಾಕ್‌ಲಾಷ್. ಮೊದಲ 800 ಕಿ.ಮೀ. ಟ್ರೇಲರ್ ಕಟ್ಟಬೇಡಿ. ಅಷ್ಟಾದ ಮೇಲೆ ಎಣ್ಣೆ ಇಳಿಸಿ ಬಿಳಿ ಬಟ್ಟೆಯ ಮೇಲೆ ಸೋಸಿ: ಬೂದು ಬಣ್ಣದ ನುಣುಪು ಪುಡಿ ಇದ್ದೇ ಇರುತ್ತದೆ, ಉಗುರಿಗೆ ಸಿಗುವಂಥ ಚೂರು ಕಂಡರೆ ಹೊಸ ಎಣ್ಣೆ ಹಾಕದೆ ಕವರ್ ಬಿಚ್ಚಿ. ಹಬ್ ನಟ್ಟುಗಳನ್ನು ಅದೇ ದಿನ ಇನ್ನೊಮ್ಮೆ ಬಿಗಿದು ನೋಡಿ.